ಮೋಟಾರಿಗೆ ಬಂದ ನೂರಾ ನಾಲ್ಕು ಡಿಗ್ರಿ ಜ್ವರ

ಹಳ್ಳಿಯಲ್ಲಿ ವಿಜ್ಞಾನದ ಮಾಸ್ತರನಿಗೆ ಇರುವಷ್ಟು ಧೈರ್ಯ ಪೈಲ್ವಾನನಿಗೂ ಇರುವುದಿಲ್ಲ. ಪೈಲ್ವಾನನನ್ನು ಪಕ್ಕದ ಊರಿನ ಪೈಲ್ವಾನ ಬಂದು ಕೆಡವಬಹುದು. ನನ್ನನ್ನು ಕೆಡವುವುದಕ್ಕೆ ಪಕ್ಕದ ಊರಿನಲ್ಲೂ ವಿಜ್ಞಾನದ ಮಾಸ್ತರ ಇರಲಿಲ್ಲ! ಆ ಜಾಗ ಮೂರು ವರ್ಷದಿಂದ ಖಾಲಿ ಇತ್ತು. ಹೀಗಾಗಿ ನಾನು ಹೇಳಿದ್ದೇ ವಿಜ್ಞಾನ, ನಾನು ಮಾಡಿದ್ದೇ ಪ್ರಯೋಗ. ಈ ಧೈರ್ಯದ ಮೇಲೆಯೇ ನಾನು ಕರೆಂಟಿನ ಸೈಕಲ್ ತಯಾರಿಸಿದೆ.

ಇದು ನಮ್ಮ ಕಡೆ ಮೊಪೆಡ್ಡು ಇದ್ದವನನ್ನು ಸಾಹುಕಾರ ಎನ್ನುತ್ತಿದ್ದ ಕಾಲದ ಮಾತು. ಆಳಂದದ ಗುಜರಿಯೊಂದರಲ್ಲಿ ಹಳೆಯ ಜೀಪಿನ ಡೈನಮೋ ಕಣ್ಣಿಗೆ ಬಿತ್ತು. ಡೈನಮೋವನ್ನು ತಿರುಗಿಸಿದರೆ ಕರೆಂಟು ಬರುತ್ತದೆ. ಅದಕ್ಕೇ ನಾವು ಕರೆಂಟು ಕೊಟ್ಟರೆ ಅದೇ ತಿರುಗುತ್ತದೆ, ಅಂದರೆ ಮೋಟಾರಾಗುತ್ತದೆ. ಇದನ್ನು ನಾನು ಹತ್ತು ವರ್ಷದಿಂದ ಕಪ್ಪು ಹಲಗೆಯ ಮೇಲೆ ಬರೆದು ಬರೆದು ಸುಣ್ಣದ ಕಡ್ಡಿ ಸವೆಸಿದ್ದೆ. ಡೈನಮೋವನ್ನು ತಂದು ಸೈಕಲ್ ಸೀಟಿನ ಕೆಳಗೆ ಕೂರಿಸಿದೆ. ಅದರ ತುದಿಗೊಂದು ರಬ್ಬರಿನ ಉರುಳೆ. ಉರುಳೆ ಹಿಂದಿನ ಟೈರಿಗೆ ಒತ್ತಿಕೊಂಡು ತಿರುಗಿದರೆ ಟೈರೂ ತಿರುಗಬೇಕು. ಸೀಟಿನ ಮುಂದಿನ ದಂಡಿಗೆ ಟ್ರ್ಯಾಕ್ಟರಿನ ಹಳೆ ಬ್ಯಾಟರಿಯನ್ನು ಕಬ್ಬಿಣದ ಪಟ್ಟಿಯಿಂದ ಬಿಗಿದೆ. ಅದು ಓಡಿತು! ಹನುಮಂತನ ಗುಡಿಯ ಸುತ್ತ ಮೂರು ಸುತ್ತು ಓಡಿತು. ನಾಲ್ಕನೆಯ ಸುತ್ತಿಗೆ ಸೀಟಿನ ಕೆಳಗಿಂದ ಹೊಗೆ ಬಂತು. ಊರ ಮಂದಿಯ ಮುಂದೆ ಇಳಿಯಲು ಮಾನ ಅಡ್ಡ ಬಂದು, ಹೊಗೆಯ ಸಮೇತ ನೇರ ಮನೆಯಂಗಳಕ್ಕೆ ನುಗ್ಗಿದೆ. ಅಂಗಳದಲ್ಲಿ ನನ್ನ ಹೆಂಡತಿ ಜಗದೇವಿ ವರ್ಷದ ಶಾವಿಗೆಯನ್ನೆಲ್ಲ ಹೊರಸಿನ ಮೇಲೆ ಒಣಹಾಕಿದ್ದಳು. ಆ ವರ್ಷ ನಮ್ಮ ಮನೆಗೆ ಬಂದ ಬೀಗರೆಲ್ಲ ಶಾವಿಗೆಯ ಪಾಯಸದಲ್ಲಿ ಸುಟ್ಟ ರಬ್ಬರಿನ ವಾಸನೆಯನ್ನು ಸವಿದರು.

ಸುಟ್ಟ ಮೋಟಾರನ್ನು ಬಿಚ್ಚಲು ಹೋಗಿ ನನ್ನ ಬೆರಳಿಗೆ ಬೊಬ್ಬೆ ಬಂದಿತ್ತು. ಜಗದೇವಿ ಅದಕ್ಕೆ ಎಣ್ಣೆ ಹಚ್ಚುತ್ತ ಒಂದೇ ಮಾತು ಹೇಳಿದಳು. ಇನ್ನೊಂದು ಸುಟ್ಟರೆ ಸೈಕಲ್ಲು ಗುಜರಿಗೆ. ಅವಳು ಹೆಚ್ಚು ಮಾತಾಡುವವಳಲ್ಲ. ಅದಕ್ಕೇ ಅವಳ ಮಾತಿಗೆ ನಮ್ಮ ಮನೆಯಲ್ಲಿ ಸರ್ಕಾರಿ ಆದೇಶದ ಬೆಲೆ.

ಎರಡನೆಯ ಡೈನಮೋ ತಂದಾಗ ನಾನು ಬೇರೆಯೇ ಮನುಷ್ಯನಾಗಿದ್ದೆ. ಮೋಟಾರಿನ ಶತ್ರು ಕಾವು ಎಂಬುದು ನನಗೆ ಬೊಬ್ಬೆಯ ಮೂಲಕ ತಿಳಿದಿತ್ತು. ಕಾವನ್ನು ಕಾಯುತ್ತಿರಬೇಕು, ಅಳೆಯುತ್ತಿರಬೇಕು, ಮಿತಿ ಮೀರಿದ ಕೂಡಲೇ ನಿಲ್ಲಿಸಬೇಕು. ಮುಟ್ಟಿ ನೋಡಿ ತಿಳಿಯಬಾರದೇ ಎಂದು ಜಗದೇವಿ ಕೇಳಿದಳು. ಹಂಚು ಕಾದಿದೆಯೋ ಇಲ್ಲವೋ ನೋಡಲು ನಾವು ನೀರು ಚಿಮುಕಿಸುತ್ತೇವಲ್ಲ, ಚುರ್ ಅಂದರೆ ಕಾದಿದೆ ಅಂತ, ಹಾಗೆ ಮಾಡಿರಿ ಎಂದಳು. ನನಗೆ ಕರುಣೆ ಬಂತು. ಅವಳನ್ನು ಕೂರಿಸಿಕೊಂಡು ಮೂರು ಪಾತ್ರೆಗಳ ಪ್ರಯೋಗ ತೋರಿಸಿದೆ. ಒಂದರಲ್ಲಿ ಬಿಸಿನೀರು, ಒಂದರಲ್ಲಿ ತಣ್ಣೀರು, ನಡುವಿನದರಲ್ಲಿ ಉಗುರುಬೆಚ್ಚಗಿನದು. ಒಂದೊಂದು ಕೈ ಒಂದೊಂದರಲ್ಲಿಟ್ಟು, ಆಮೇಲೆ ಎರಡನ್ನೂ ನಡುವಿನದರಲ್ಲಿ ಅದ್ದಿದರೆ ಒಂದು ಕೈ ತಣ್ಣಗೆ ಎನ್ನುತ್ತದೆ, ಇನ್ನೊಂದು ಬಿಸಿ ಎನ್ನುತ್ತದೆ. ಆದ್ದರಿಂದ ಮನುಷ್ಯನ ಕೈ ಸುಳ್ಳು ಹೇಳುತ್ತದೆ, ತಾಪಮಾಪಕ ಸುಳ್ಳು ಹೇಳುವುದಿಲ್ಲ. ಎಂಟನೆಯ ಈಯತ್ತೆಯ ಪಾಠದ ಮೊದಲ ಪುಟದಲ್ಲೇ ಇದು ಇದೆ. ಎರಡನೆಯ ಪುಟದಲ್ಲಿ ಏನಿದೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಆವತ್ತು ನನಗೆ ಅದು ನೆನಪಿಗೆ ಬರಲಿಲ್ಲ ಎಂಬುದೇ ಈ ಕಥೆಯ ಗೋಳು.

ಶಾಲೆಯಲ್ಲಿ ಇದ್ದ ಒಂದೇ ತಾಪಮಾಪಕ ಹಿಂದಿನ ವರ್ಷ ನನ್ನ ಕೈಯಿಂದ ಬಿದ್ದು ಒಡೆದಿತ್ತು. ದಾಖಲೆಯಲ್ಲಿ ‘ಇಲಿಗಳ ಹಾವಳಿಯಿಂದ’ ಎಂದು ಬರೆದಿದ್ದೆ. ಇನ್ನು ಊರಲ್ಲಿ ಉಳಿದದ್ದು ದವಾಖಾನೆಯ ಜ್ವರ ನೋಡುವ ಥರ್ಮಾಮೀಟರು. ದವಾಖಾನೆ ಊರಿನ ಆ ತುದಿಗೆ. ಅದರ ಕಂಪೌಂಡರ್ ಅಣ್ಣಾರಾಯರು ದೇವರಂಥ ಮನುಷ್ಯ, ಆದರೆ ಸರ್ಕಾರಿ ಸಾಮಾನನ್ನು ಮೋಟಾರಿಗೆ ಕೊಡಿ ಎಂದರೆ ಕೊಡುವ ಪೈಕಿ ಅಲ್ಲ. ಅದಕ್ಕೇ ನಮ್ಮ ಅವ್ವನಿಗೆ ಮೈ ಬೆಚ್ಚಗಾಗುತ್ತಿದೆ, ದವಾಖಾನೆಗೆ ಬಾ ಎಂದರೆ ಒಲ್ಲೆ ಅಂತಾಳೆ ಎಂದು ಹೇಳಿದೆ. ಅವ್ವ ಆ ಹೊತ್ತಿಗೆ ಮನೆಯಲ್ಲಿ ಕೂತು ಮೂರನೆಯ ರೊಟ್ಟಿಗೆ ಖಾರದ ಹಿಂಡಿ ಹಚ್ಚಿಕೊಳ್ಳುತ್ತಿದ್ದಳು.

ಅಣ್ಣಾರಾಯರು ಥರ್ಮಾಮೀಟರನ್ನು ಡಬ್ಬಿಯಿಂದ ತೆಗೆದು, ಮಣಿಕಟ್ಟನ್ನು ಮೂರು ಸಲ ಝಾಡಿಸಿ, ನನ್ನ ಕೈಗಿಟ್ಟರು. ಒಂದು ವಾರ ನಾನು ದಿನಾ ಸಂಜೆ ಅದನ್ನು ಒಯ್ದು, ಮೋಟಾರು ಓಡಿಸಿ ಕಾವು ಏರುವುದನ್ನು ಒಂದು ಸಲ ನೋಡಿ ಮರಳಿಸಿದೆ. ಒಂದು ಸಲ ಜಗದೇವಿಯೂ ನನ್ನ ಸಂಗಡ ಬಂದಿದ್ದಳು. ಅವರು ದಿನಾ ಹಾಗೇ ಕೈ ಝಾಡಿಸಿ ಕೊಡುತ್ತಿದ್ದರು. ಪಾಪ, ಈ ವಯಸ್ಸಿಗೇ ನರದ ತ್ರಾಸು ಶುರುವಾಗಿದೆ ಎಂದು ನಾನು ಜಗದೇವಿಯ ಮುಂದೆ ಮರುಗಿದೆ.

ಪ್ರಯೋಗಗಳು ಅಮೋಘವಾಗಿ ನಡೆದವು. ಮೋಟಾರಿನ ಮೇಲೆ ಎಣ್ಣೆಯ ಡಬ್ಬಿಯ ತಗಡು ಹೊದಿಸಿ, ಅದಕ್ಕೊಂದು ತೂತು ಕೊರೆದೆ. ಥರ್ಮಾಮೀಟರಿನ ಬುಡ ನೇರ ಕಬ್ಬಿಣಕ್ಕೆ ತಾಗಿದರೆ ಒಡೆದೀತೆಂದು ನಡುವೆ ಜೋಳದ ಹಿಟ್ಟಿನ ಮುದ್ದೆ ಇಟ್ಟೆ. ಹಿಟ್ಟು ಅರ್ಧ ಕಾವನ್ನು ತಾನೇ ತಿನ್ನುತ್ತದೆ, ಆದ್ದರಿಂದ ಥರ್ಮಾಮೀಟರಿನಲ್ಲಿ ನೂರಾ ನಾಲ್ಕು ಎಂದರೆ ಒಳಗೆ ಮೋಟಾರು ಸುಡುವುದಕ್ಕೆ ಎರಡೇ ಹೆಜ್ಜೆ ಹಿಂದೆ ಇದೆ ಎಂದು ಲೆಕ್ಕ ಹಾಕಿದೆ. ಹಸಿರು ಶಾಯಿಯಲ್ಲಿ ಮೂರು ನಿಯಮ ಬರೆದು ಹ್ಯಾಂಡಲ್ಲಿಗೆ ಅಂಟಿಸಿದೆ. ನೂರಾ ಎರಡಕ್ಕೆ ಸಾವಕಾಶ ಹೋಗತಕ್ಕದ್ದು. ನೂರಾ ನಾಲ್ಕಕ್ಕೆ ನಿಲ್ಲಿಸತಕ್ಕದ್ದು. ಪಾದರಸ ತೊಂಬತ್ತೊಂಬತ್ತಕ್ಕೆ ಇಳಿಯುವವರೆಗೆ, ಯಾರ ಮಾತಿಗೂ ಕಿವಿಗೊಡದೆ, ಕಾಯತಕ್ಕದ್ದು. ಮೂರನೆಯ ನಿಯಮ ಬರೆದಾಗ ನನಗೆ ನನ್ನ ಬಗ್ಗೆಯೇ ಗೌರವ ಉಕ್ಕಿತು.

ಆ ವಾರವೇ ಜಗದೇವಿಗೆ ಕಾಗದ ಬಂತು. ನಮ್ಮೂರಿಗೆ ಹೊಸದಾಗಿ ಅಂಗನವಾಡಿ ಮಂಜೂರಾಗಿತ್ತು. ಅದರ ಟೀಚರ್ ಕೆಲಸಕ್ಕೆ ಅವಳು ಅರ್ಜಿ ಹಾಕಿದ್ದಳು. ಸೋಮವಾರ ಹನ್ನೊಂದು ಗಂಟೆಗೆ ಆಳಂದದ ಕಚೇರಿಗೆ ಮುಖತಃ ಹಾಜರಾಗಬೇಕೆಂದು ಬರೆದಿತ್ತು. ಏಳನೆಯ ಈಯತ್ತೆಯಲ್ಲಿ ಶಾಲೆಗೇ ಮೊದಲಿಗಳಾಗಿ ಪಾಸಾದವಳು ಅವಳು. ಮುಂದೆ ಓದಿಸಲಿಲ್ಲ, ನನಗೆ ಕೊಟ್ಟು ಮದುವೆ ಮಾಡಿದರು. ಹತ್ತು ವರ್ಷ ನನ್ನ ಪರೀಕ್ಷೆಯ ಪೇಪರುಗಳ ಅಂಕ ಕೂಡಿಸಿ ಕೊಟ್ಟಿದ್ದಾಳೆ, ಒಂದು ಸಲವೂ ತಪ್ಪಿಲ್ಲ. ಆ ಕಾಗದವನ್ನು ಅವಳು ಹಿಟ್ಟಿನ ಕೈ ತೊಳೆದು, ಸೆರಗಿನಿಂದ ಒರೆಸಿಕೊಂಡು, ಆಮೇಲೆ ಮುಟ್ಟಿದಳು.

ಅವಳಿಗೆ ಒಂದೇ ಅಂಜಿಕೆ. ಆಫೀಸರ ಮುಂದೆ ಬಾಯಿ ಕಟ್ಟುತ್ತದೆ ಎಂದು.

“ನೀವು ನನ್ನ ಸಂಗಟ ಬರ್ರಿ,” ಅಂದಳು. “ಒಳಗ ಬರೂದು ಬ್ಯಾಡ. ಬಾಗಲ ಹೊರಗ ನಿಂತಿರ್ರಿ ಸಾಕು. ನೀವು ಅಲ್ಲಿ ಅದೀರಂತ ಗೊತ್ತಿದ್ರ ನಾ ಮಾತಾಡ್ತೇನಿ.”

ಇಷ್ಟು ಸಣ್ಣ ಬೇಡಿಕೆ! ನಾನು ಎದೆ ತಟ್ಟಿ ಒಪ್ಪಿದೆ. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ನಮ್ಮೂರಿಂದ ಆಳಂದ ಹನ್ನೆರಡು ಕಿಲೋಮೀಟರು, ಬೆಳಿಗ್ಗೆ ಏಳಕ್ಕೆ ನಿಂಬರ್ಗಾದ ಕಡೆಯಿಂದ ಬಸ್ಸು ಬರುತ್ತದೆ. ಅದರಲ್ಲಿ ಹೋದರಾಯಿತು ಎಂದು ಅವಳು ಎಂದಳು. ಆ ಬಸ್ಸಿಗೆ ಭರವಸೆ ಇಲ್ಲ, ತೊಗರಿ ಚೀಲಗಳ ನಡುವೆ ನಿಂತು ನಿನ್ನ ಸೀರೆ ಹಾಳಾಗುತ್ತದೆ, ಕರೆಂಟಿನ ಸೈಕಲ್ ಮೇಲೆ ರಾಣಿಯ ಹಾಗೆ ಒಯ್ಯುತ್ತೇನೆ ಎಂದು ನಾನು ಹೇಳಿದೆ. ಅವಳು ಸೈಕಲ್ಲನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಹದಿನಾರು ವರ್ಷದ ಸಂಸಾರದಲ್ಲಿ ಮನುಷ್ಯ ಏನೇನೋ ನುಂಗಿಕೊಳ್ಳಲು ಕಲಿಯುತ್ತಾನೆ, ಹೆಂಗಸಂತೂ ಮೊದಲೇ ಕಲಿತಿರುತ್ತಾಳೆ.

ಸೋಮವಾರ ಬೆಳಿಗ್ಗೆ ಏಳರ ಬಸ್ಸು ಸರಿಯಾಗಿ ಏಳಕ್ಕೇ ಬಂತು. ಖಾಲಿ ಇತ್ತು! ನಮ್ಮ ಮುಂದೆಯೇ ನಿಂತು, ಹಾರ್ನ್ ಹೊಡೆದು, ಹೋಯಿತು. ನಾವು ಎಂಟೂಕಾಲಿಗೆ ಹೊರಟೆವು. ಅಣ್ಣಾರಾಯರಿಂದ ಹಿಂದಿನ ರಾತ್ರಿಯೇ ಥರ್ಮಾಮೀಟರ್ ತಂದಿಟ್ಟಿದ್ದೆ. ಅವರು ಎಂದಿನಂತೆ ಕೈ ಝಾಡಿಸಿದ್ದರು, ಸಂಜೆ ಸಂಜೆ ಬರುವ ಜ್ವರ ಒಳ್ಳೆಯದಲ್ಲ ಎಂದು ಎಚ್ಚರಿಕೆಯನ್ನೂ ಕೊಟ್ಟಿದ್ದರು.

ನಾನು ಸೀಟಿನ ಮೇಲೆ, ಜಗದೇವಿ ಹಿಂದೆ ಕ್ಯಾರಿಯರ್ ಮೇಲೆ, ನಮ್ಮಿಬ್ಬರ ನಡುವೆ ಹಿಟ್ಟಿನ ಮುದ್ದೆಯಲ್ಲಿ ನೆಟ್ಟ ಥರ್ಮಾಮೀಟರು. ಸೀಟಿನ ಮೇಲಿಂದ ನನಗೆ ಅದು ಕಾಣುವುದಿಲ್ಲ, ಆದ್ದರಿಂದ ತಾಪಮಾನ ವೀಕ್ಷಣೆಯ ಹೊಣೆಯನ್ನು ಅವಳಿಗೆ ವಹಿಸಿದ್ದೆ. ಅವಳು ಒಂದು ಕೈಯಲ್ಲಿ ಸರ್ಟಿಫಿಕೇಟಿನ ಚೀಲ, ಇನ್ನೊಂದು ಕೈಯಲ್ಲಿ ನನ್ನ ಅಂಗಿ ಹಿಡಿದು, ಬಗ್ಗಿ ಬಗ್ಗಿ ಓದಿ ಹೇಳುತ್ತಿದ್ದಳು. ತೊಂಬತ್ತೇಳು. ತೊಂಬತ್ತೆಂಟೂವರೆ. ತಗ್ಗು ಬಂದಾಗ ಅವಳ ಹಣೆ ನನ್ನ ಬೆನ್ನಿಗೆ ಬಡಿಯುತ್ತಿತ್ತು. ತೊಂಬತ್ತೊಂಬತ್ತು. ದಾರಿಯಲ್ಲಿ ಹೊಲಕ್ಕೆ ಹೊರಟ ಹೆಣ್ಣುಮಕ್ಕಳು ನಿಂತು, ಮಾಸ್ತರ್ರ ಹೆಂಡತಿಗೆ ಜ್ವರವೋ ಮಾಸ್ತರರಿಗೋ ಎಂದು ಕೇಳಿದರು.

ನೂರಕ್ಕೆ ಬಂದಾಗ ಮುನ್ನೆಚ್ಚರಿಕೆಯಾಗಿ ಐದು ನಿಮಿಷ ನಿಂತೆವು. ಪಾದರಸ ಇಳಿಯಲಿಲ್ಲ. ಆದರೆ ಏರಲೂ ಇಲ್ಲ. ನಾನು ಸಮಾಧಾನಪಟ್ಟು ಮುಂದೆ ಹೊರಟೆ. ಆಮೇಲೆ ಹಳ್ಳದ ಸೇತುವೆ, ಸೇತುವೆಯಾಚೆ ಏರು. ಮೋಟಾರು ಹೆರಿಗೆ ಬೇನೆಯ ಎಮ್ಮೆಯ ಹಾಗೆ ನರಳತೊಡಗಿತು. ನೂರಾ ಒಂದು, ನೂರಾ ಎರಡೂವರೆ ಎಂದು ಹಿಂದಿನಿಂದ ವರದಿ ಬರುತ್ತಲೇ ಇತ್ತು. ಏರಿನ ನೆತ್ತಿಯಲ್ಲಿ ಬೇವಿನ ಮರದ ಹತ್ತಿರ ಅವಳು ನೂರಾ ನಾಲ್ಕು ಎಂದಳು. ನಾನು ಎರಡನೆಯ ನಿಯಮದ ಪ್ರಕಾರ ನಿಲ್ಲಿಸಿದೆ. ಗಡಿಯಾರ ನೋಡಿದೆ. ಒಂಬತ್ತು ಗಂಟೆ ಹತ್ತು ನಿಮಿಷ. ಇನ್ನು ಏಳು ಕಿಲೋಮೀಟರು, ಬೇಕಾದಷ್ಟು ಹೊತ್ತು ಇತ್ತು.

ಒಂಬತ್ತೂಕಾಲಿಗೆ ನೂರಾ ನಾಲ್ಕು. ಒಂಬತ್ತೂವರೆಗೆ ನೂರಾ ನಾಲ್ಕು. ಜಗದೇವಿ ಮೋಟಾರು ಬಿಟ್ಟು ಕಾಲಿನಿಂದ ತುಳಿಯಿರಿ ಎಂದಳು. ತುಳಿಯಲು ಬಾರದು. ಉರುಳೆ ಟೈರಿಗೆ ಒತ್ತಿಕೊಂಡಿದೆ, ಟೈರು ತಿರುಗಿದರೆ ಮೋಟಾರೂ ತಿರುಗಿ ಇನ್ನಷ್ಟು ಕಾಯುತ್ತದೆ. ಉರುಳೆಯನ್ನು ಎತ್ತಿ ಕಟ್ಟಬೇಕೆಂದರೆ ನಟ್ಟು ಬಿಚ್ಚುವ ಪಾನಾ ಬೇಕು. ಪಾನಾ ಮನೆಯಲ್ಲಿತ್ತು. ಅದರ ಜಾಗದಲ್ಲಿ ನಾನು ಹಸಿರು ಶಾಯಿಯ ಪೆನ್ನು ತಂದಿದ್ದೆ.

ಹತ್ತಕ್ಕೆ ಹತ್ತು ನಿಮಿಷ ಇರುವಾಗ ತೊಗರಿ ಚೀಲ ಹೇರಿಕೊಂಡ ಟ್ರ್ಯಾಕ್ಟರ್ ಬಂತು. ಜಗದೇವಿ ನನ್ನನ್ನು ಕೇಳದೆ ಕೈ ಮಾಡಿ ನಿಲ್ಲಿಸಿದಳು. ಟ್ರ್ಯಾಕ್ಟರಿನವನು ಆಳಂದದ ಪೇಟೆಗೇ ಹೊರಟಿದ್ದ, ಇಬ್ಬರೂ ಚೀಲದ ಮೇಲೆ ಕೂತ್ಕೊರ್ರಿ ಎಂದ.

“ಬರ್ರಿ,” ಅಂದಳು ಜಗದೇವಿ. “ಸೈಕಲ್ ಇಲ್ಲೇ ಗಿಡಕ್ಕ ಆನಿಸಿ ಬರ್ರಿ.”

ನಾನು ಸೈಕಲ್ಲನ್ನು ನೋಡಿದೆ. ಬ್ಯಾಟರಿ ಇದೆ, ಮೋಟಾರು ಇದೆ, ಸರ್ಕಾರದ ಥರ್ಮಾಮೀಟರು ಇದೆ. ನೂರಾ ನಾಲ್ಕರಲ್ಲಿ ಒದ್ದಾಡುತ್ತಿರುವುದನ್ನು ರಸ್ತೆಯಲ್ಲಿ ಒಂಟಿಯಾಗಿ ಬಿಟ್ಟು ಹೋಗುವುದು ಹೇಗೆ? ಇನ್ನು ಅರ್ಧ ತಾಸಿನಲ್ಲಿ ಇಳಿದೇ ಇಳಿಯುತ್ತದೆ, ನೀನು ಮುಂದೆ ನಡೆ, ನಿನ್ನ ಹೆಸರು ಕರೆಯುವಷ್ಟರಲ್ಲಿ ನಾನು ಬಾಗಿಲ ಹೊರಗೆ ಇರುತ್ತೇನೆ ಎಂದೆ. ಅವಳು ಸೆರಗು ಬಿಗಿದು ಚೀಲದ ಮೇಲೆ ಹತ್ತಿ ಕೂತಳು. ಟ್ರ್ಯಾಕ್ಟರು ತಿರುವಿನಲ್ಲಿ ಮರೆಯಾಗುವವರೆಗೂ ನನ್ನ ಕಡೆಯೇ ನೋಡುತ್ತಿದ್ದಳು. ನಾನು ಥರ್ಮಾಮೀಟರ್ ನೋಡುತ್ತಿದ್ದೆ.

ಹತ್ತೂವರೆಗೆ ಊರ ಕಡೆಯಿಂದ ಸೈಕಲ್ ಮೇಲೆ ಬಂದವರು ಸಾಕ್ಷಾತ್ ಕಂಪೌಂಡರ್ ಅಣ್ಣಾರಾಯರು. ಆಳಂದಕ್ಕೆ ಔಷಧಿ ತರಲು ಹೊರಟಿದ್ದರು. ನಾನು ಗಡಬಡಿಸಿ ಹೆಗಲ ಮೇಲಿನ ಟವೆಲನ್ನು ಥರ್ಮಾಮೀಟರಿನ ಮೇಲೆ ಹೊದಿಸಿದೆ. ಜಗತ್ತಿನಲ್ಲಿ ನನ್ನನ್ನು ಒಂದೇ ಮಾತಿನಿಂದ ಪಾರು ಮಾಡಬಲ್ಲ ಏಕೈಕ ಮನುಷ್ಯ ನನ್ನೆದುರು ಕಾಲೂರಿ ನಿಂತಿದ್ದರು. ನಾನು ಅವರಿಂದ ಅದನ್ನೇ ಮುಚ್ಚಿಟ್ಟುಕೊಂಡು ನಿಂತಿದ್ದೆ.

“ಮಾಸ್ತರ್ರ, ಅವ್ವಂದು ಬುಖಾರ ಹ್ಯಾಂಗದ?” ಎಂದು ಕೇಳಿದರು.

“ನೂರಾ ನಾಲ್ಕು ಅದರಿ,” ಅಂದೆ. ಅದು ಸುಳ್ಳಲ್ಲ. ಯಾರಿಗೆ ಎಂದು ಮಾತ್ರ ಹೇಳಲಿಲ್ಲ.

ಯಾವಾಗಿನಿಂದ ಎಂದು ಕೇಳಿದರು. ಒಂಬತ್ತು ಹತ್ತಕ್ಕೆ ಏರಿದ್ದು ಒಂದು ಗೆರೆಯೂ ಇಳಿದಿಲ್ಲ ಎಂದೆ. ಆ ಹೊತ್ತಿನಲ್ಲಿ ನನ್ನ ದುಃಖ ಎಷ್ಟು ನಿಜವಾಗಿತ್ತೆಂದರೆ ನನ್ನ ದನಿ ನಡುಗಿತು. ಅಣ್ಣಾರಾಯರು ಆಗಲೇ ಪೆಡಲಿನ ಮೇಲೆ ಕಾಲಿಟ್ಟರು.

“ಇಷ್ಟ್ ಹೊತ್ತು ನೂರಾ ನಾಲ್ಕಂದ್ರ ಹಗರ ಅಲ್ರಿ ಅದು. ನೀವು ಗಾಡಿ ಹುಡುಕಾಕ ನಿಂತೀರೇನು? ನಿಂದರ್ರಿ, ಫಿಕರ್ ಮಾಡಬ್ಯಾಡ್ರಿ. ನಾ ಮೊದಲ ಹೋಗಿ ಒಂದ್ ಸೂಜಿ ಮಾಡ್ತೇನಿ,” ಎಂದವರೇ ಸೈಕಲ್ ತಿರುಗಿಸಿ ಊರ ಕಡೆ ತುಳಿದರು. ನಿಲ್ಲಿರಿ ಎಂದು ಕೂಗಬೇಕೆಂದು ಬಾಯಿ ತೆರೆದೆ. ಕೂಗಿದರೆ ಏನು ಹೇಳಬೇಕು? ಬಾಯಿ ಮುಚ್ಚಿದೆ. ಅವ್ವನ ದೇಹಕ್ಕೆ ಒಂದು ಸೂಜಿಯಿಂದ ಕೆಡುಕಾಗದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಮಗನೆಂದರೆ ಇಂಥವನಿರಬೇಕು.

ಹನ್ನೊಂದಾಯಿತು. ಈಗ ಅವಳ ಹೆಸರು ಕರೆಯುತ್ತಿರಬಹುದು. ಓಡಿಬಿಡಲೇ ಎನ್ನಿಸಿತು. ಓಡಿದರೂ ಏಳು ಕಿಲೋಮೀಟರು. ಥರ್ಮಾಮೀಟರ್ ನೋಡಿದೆ, ನೂರಾ ನಾಲ್ಕು. ಅವಳಿಗೆಂದು ತಂದಿದ್ದ ಕುಡಿಯುವ ನೀರನ್ನು ಟವೆಲಿಗೆ ಸುರುವಿ ಮೋಟಾರಿನ ತಗಡಿಗೆ ಸುತ್ತಿದೆ, ಪಂಪಿನ ಮೋಟಾರಿಗೆ ಹಸಿ ಗೋಣಿತಟ್ಟು ಹೊದಿಸುತ್ತಾರಲ್ಲ ಹಾಗೆ. ಶರ್ಟು ಬಿಚ್ಚಿ ಗಾಳಿ ಹಾಕಿದೆ. ಹನ್ನೆರಡಕ್ಕೆ ನೂರಾ ನಾಲ್ಕು. ಹಾದಿಯಲ್ಲಿ ಹೋಗುವವರು ಬರೀ ಬನಿಯನ್ನಿನಲ್ಲಿ ನಿಂತು ಸೈಕಲ್ಲಿಗೆ ಗಾಳಿ ಹಾಕುತ್ತಿರುವ ಮಾಸ್ತರನನ್ನು ನೋಡಿ ಮಾತಾಡಿಸದೆ ಮುಂದೆ ಹೋದರು.

ಒಂದು ಗಂಟೆಯ ಹೊತ್ತಿಗೆ ಆಡು ಕಾಯುವ ಮುದುಕನೊಬ್ಬ ನೆರಳಿಗೆ ಬಂದು ಕೂತ. ಅವನ ಒಂದು ಆಡು ಸೀದಾ ಬಂದು ಮೋಟಾರಿನ ಮೇಲಿನ ಹಿಟ್ಟಿನ ಮುದ್ದೆಗೆ ಬಾಯಿ ಹಾಕಿತು. ನಾನು ಹಚಾ ಹಚಾ ಎಂದು ಓಡಿಸುವಷ್ಟರಲ್ಲಿ ಅರ್ಧ ಹಿಟ್ಟು ಖಾಲಿ. ಏನಾಗಿದೆ ಎಂದು ಮುದುಕ ಕೇಳಿದ. ಮೋಟಾರು ಬೆಂಕಿಯಾಗಿದೆ, ಒಳಗೆ ಕುದಿಯುತ್ತಿದೆ ಎಂದೆ.

“ಕಾದಿದ್ರ ಆಡು ಬಾಯಿ ಹಚ್ಚತಿತ್ತೇನ್ರಿ ಮಾಸ್ತರ್ರ?” ಎಂದು ಅವನು ಸಾವಕಾಶವಾಗಿ ಕೇಳಿದ.

ಆಡಿನ ತುಟಿಯ ಚರ್ಮ ದಪ್ಪ, ಅದಕ್ಕೆ ಕಾವು ತಿಳಿಯುವುದಿಲ್ಲ ಎಂದು ವಿವರಿಸಿದೆ. ಮುದುಕ ಎದ್ದು ಬಂದು ಮೋಟಾರಿನ ಮೇಲೆ ಅಂಗೈ ಇಟ್ಟ. ತಣ್ಣಗಿದೆಯಲ್ಲರಿ ಎಂದ. ಆಗ ನಾನು ಅವನಿಗೆ ಮೂರು ಪಾತ್ರೆಗಳ ಪ್ರಯೋಗವನ್ನು ಪೂರ್ತಿಯಾಗಿ ಹೇಳಿದೆ. ಕೈ ಸುಳ್ಳು ಹೇಳುತ್ತದೆ, ತಾಪಮಾಪಕ ಸುಳ್ಳು ಹೇಳುವುದಿಲ್ಲ. ಅವನು ಬಹಳ ಹೊತ್ತು ನನ್ನ ಮುಖ ನೋಡಿದ. ಆಮೇಲೆ ತನ್ನ ಬುತ್ತಿಯಿಂದ ಅರ್ಧ ರೊಟ್ಟಿ ಮುರಿದು ನನ್ನ ಕೈಯಲ್ಲಿಟ್ಟು, ಉಣ್ಣಿರಿ, ಹಸಿದ ಹೊಟ್ಟೆಗೆ ಹೀಗೆ ಆಗುತ್ತದೆ ಎಂದು ಹೇಳಿ ಆಡುಗಳನ್ನು ಹೊಡೆದುಕೊಂಡು ಹೋದ.

ಅವನು ಹೋದ ಮೇಲೆ ನಾನೂ ಮುಟ್ಟಿ ನೋಡಿದೆ. ಸುಳ್ಳೇಕೆ, ತಣ್ಣಗೇ ಇತ್ತು. ಆದರೆ ನನ್ನ ಕೈಯನ್ನು ನಾನು ಹೇಗೆ ನಂಬಲಿ? ಹತ್ತು ವರ್ಷ ಮಕ್ಕಳಿಗೆ ಹೇಳಿದ್ದನ್ನು ಒಂದು ಆಡಿನ ಮಾತು ಕೇಳಿ ಬಿಡಲಾಗುತ್ತದೆಯೇ? ಹೊರಗೆ ತಣ್ಣಗೆ, ಒಳಗೆ ನೂರಾ ನಾಲ್ಕು. ಕಟ್ಟಿಗೆ ಇಲ್ಲ, ಕರೆಂಟಿಲ್ಲ, ಆದರೂ ಆರದ ಕಾವು. ಇದು ವಿಜ್ಞಾನಕ್ಕೇ ಹೊಸದು ಎಂಬ ಯೋಚನೆ ಬಂದು ಎರಡು ಗಂಟೆಯ ಸುಮಾರಿಗೆ ಸ್ವಲ್ಪ ಹೊತ್ತು ಸಂತೋಷವೂ ಆಯಿತು. ಹಸಿರು ಪೆನ್ನು ತೆಗೆದು ‘ಮಾನ್ಯರೇ’ ಎಂದು ಬರೆದೆ. ಯಾರಿಗೆ ಬರೆಯಬೇಕೆಂದು ಹೊಳೆಯಲಿಲ್ಲ. ಆಮೇಲೆ ಆ ಸಂತೋಷವೂ ಹೋಯಿತು. ಬೇವಿನ ಬೇರಿನ ಮೇಲೆ ಕೂತು, ಅವಳು ಬಾಯಿ ಕಟ್ಟಿ ನಿಂತಿರುವುದನ್ನೂ, ತಿರುಗಿ ತಿರುಗಿ ಬಾಗಿಲ ಕಡೆ ನೋಡುವುದನ್ನೂ ಕಣ್ಣ ಮುಂದೆ ತಂದುಕೊಂಡೆ. ಜೀವನದಲ್ಲಿ ಅವಳು ನನ್ನಿಂದ ಕೇಳಿದ್ದು ಒಂದು ಬಾಗಿಲ ಹೊರಗೆ ನಿಲ್ಲುವುದನ್ನು. ನಿಲ್ಲುವುದಕ್ಕೆ ಬುದ್ಧಿ ಬೇಕಿರಲಿಲ್ಲ, ವಿಜ್ಞಾನ ಬೇಕಿರಲಿಲ್ಲ. ಎರಡು ಕಾಲಿದ್ದರೆ ಸಾಕಿತ್ತು. ನಾನು ನಿಂತೇ ಇದ್ದೆ, ಏಳು ಕಿಲೋಮೀಟರು ಈಚೆಗೆ.

ಮೂರು ನಲವತ್ತಕ್ಕೆ ಆಳಂದದಿಂದ ಬಸ್ಸು ಬಂತು. ನನ್ನನ್ನು ದಾಟಿ ಸ್ವಲ್ಪ ಮುಂದೆ ಹೋಗಿ ಗಕ್ಕನೆ ನಿಂತಿತು. ಕಂಡಕ್ಟರ್ ಬೈಯುತ್ತಿರುವಂತೆಯೇ ಜಗದೇವಿ ಇಳಿದು ಬಂದಳು. ನನ್ನ ಬನಿಯನ್ನು, ಹಸಿ ಟವೆಲು, ಆಡು ತಿಂದು ಉಳಿದ ಹಿಟ್ಟು, ಎಲ್ಲವನ್ನೂ ಒಂದು ಸಲ ನೋಡಿದಳು.

“ಇನ್ನೂ ನೂರಾ ನಾಲ್ಕು,” ಅಂದೆ ನಾನು. ಬೇರೆ ಏನು ಹೇಳಲಿ?

ಅವಳು ಚೀಲವನ್ನು ನನ್ನ ಕೈಗೆ ಕೊಟ್ಟಳು. ಹಿಟ್ಟಿನಿಂದ ಥರ್ಮಾಮೀಟರನ್ನು ಕಿತ್ತು, ಸೆರಗಿನಿಂದ ಒರೆಸಿ, ಮಣಿಕಟ್ಟನ್ನು ಮೂರು ಸಲ ಝಾಡಿಸಿದಳು, ಥೇಟ್ ಅಣ್ಣಾರಾಯರ ಹಾಗೆ. ಮತ್ತೆ ಹಿಟ್ಟಿನಲ್ಲಿ ನೆಟ್ಟಳು. ನಾನು ಬಗ್ಗಿ ನೋಡಿದೆ. ತೊಂಬತ್ತೈದರ ಮೇಲೆ ಪಾದರಸವೇ ಇರಲಿಲ್ಲ!

ಈಗ ಎರಡನೆಯ ಪುಟದಲ್ಲಿ ಏನಿದೆ ಎಂದು ಹೇಳುತ್ತೇನೆ. ‘ಜ್ವರಮಾಪಕದ ಬುಡದ ಹತ್ತಿರ ನಳಿಕೆ ಸಪೂರವಾಗಿರುತ್ತದೆ. ಆದ್ದರಿಂದ ಏರಿದ ಪಾದರಸ ತಾನಾಗಿ ಕೆಳಗೆ ಇಳಿಯುವುದಿಲ್ಲ. ಝಾಡಿಸಿ ಇಳಿಸಬೇಕು.’ ಇದನ್ನು ನಾನೇ ಪ್ರತಿ ವರ್ಷ ಮಕ್ಕಳಿಗೆ ಹೇಳಿ ಬರೆಸುತ್ತಿದ್ದೆ. ಮೂರು ಸಲ ಬರೆಸುತ್ತಿದ್ದೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಇದೇ ಪ್ರಶ್ನೆ ಕೇಳುತ್ತಿದ್ದೆ. ಬರೆಯದವರ ಕಿವಿ ಹಿಂಡುತ್ತಿದ್ದೆ. ನಾನು ನನ್ನ ಕಿವಿಯನ್ನೇ ಮುಟ್ಟಿ ನೋಡಿಕೊಂಡೆ. ಅದು ಮಾತ್ರ ನಿಜಕ್ಕೂ ಕಾದಿತ್ತು.

ನಾವು ಸೈಕಲ್ಲನ್ನು ತಳ್ಳಿಕೊಂಡು ಊರ ಕಡೆ ಹೊರಟೆವು. ಮೋಟಾರು ಹಚ್ಚಲು ನನಗೆ ಧೈರ್ಯವಿರಲಿಲ್ಲ. ದಾರಿಯಲ್ಲಿ ಅವಳು ನಡೆದದ್ದನ್ನು ಹೇಳಿದಳು. ಒಳಗೆ ಒಬ್ಬ ಆಫೀಸರ್ ಮೇಡಂ ಇದ್ದರಂತೆ. ಲೆಕ್ಕ ಕೇಳಲಿಲ್ಲ, ಹಾಡು ಕೇಳಲಿಲ್ಲ. ಪ್ರತಿಯೊಬ್ಬಳ ಕೈಗೂ ಒಂದು ಥರ್ಮಾಮೀಟರ್ ಕೊಟ್ಟು, ಅಂಗನವಾಡಿಗೆ ಜ್ವರದ ಕೂಸು ಬಂದರೆ ಏನು ಮಾಡುತ್ತೀ, ತೋರಿಸು ಎಂದರಂತೆ. ಇವಳಿಗಿಂತ ಮುಂಚೆ ಹೋದವರು ಅದನ್ನು ಸೀದಾ ಬಗಲಲ್ಲಿ ಇಟ್ಟರಂತೆ. ಇವಳು ಮೊದಲು ಝಾಡಿಸಿದಳು. ಯಾಕೆ ಎಂದು ಕೇಳಿದ್ದಕ್ಕೆ, ಹಿಂದಿನವರ ಜ್ವರ ಇದರಲ್ಲೇ ಉಳಿದಿರುತ್ತದೆ, ಇಳಿಸದಿದ್ದರೆ ಈ ಕೂಸಿಗೆ ಬರುತ್ತದೆ ಎಂದಳಂತೆ. ಮೇಡಂ ನಕ್ಕು ಹೆಸರಿನ ಮುಂದೆ ಗುರುತು ಹಾಕಿಕೊಂಡರಂತೆ.

ಇದನ್ನು ಯಾರು ಕಲಿಸಿದರು ಎಂದು ನಾನು ಕೇಳಿದೆ. ಕಂಪೌಂಡರು ಕೊಡುವಾಗ ದಿನಾ ಹಾಗೆ ಮಾಡುತ್ತಾರೆ ಎಂದು ನೀವೇ ಹೇಳಿದಿರಿ, ಆವತ್ತು ನಾನೂ ನೋಡಿದೆ, ಸುಮ್ಮಸುಮ್ಮನೆ ಯಾಕೆ ಮಾಡುತ್ತಾರೆ ಎಂದು ಅವರನ್ನೇ ಕೇಳಿಬಿಟ್ಟೆ, ಬೇವಿನ ಮರದ ಹತ್ತಿರ ಮಾತ್ರ ಅದು ನೆನಪಾಗಲಿಲ್ಲ, ಮೇಡಂ ಕೈಗಿಟ್ಟಾಗ ನೆನಪಾಯಿತು ಎಂದಳು. ಕೇಳಬಹುದಿತ್ತು! ಆ ದಾರಿಯೂ ಒಂದಿತ್ತು ಎಂದು ನನಗೆ ಹೊಳೆದೇ ಇರಲಿಲ್ಲ.

ಬಾಯಿ ಕಟ್ಟಲಿಲ್ಲವೇ ಎಂದು ಕೊನೆಗೆ ಕೇಳಿದೆ.

“ಇಲ್ರಿ,” ಅಂದಳು. “ಹೊರಗ ಯಾರೋ ಕೆಮ್ಮಿದ್ರು. ನೀವೇ ಬಂದೀರಿ ಅನಕೊಂಡೆ. ಧೈರ್ಯದ್ಲೆ ಹೇಳಿದೆ. ಹೊರಗ ಬಂದು ನೋಡಿದ್ರ ಪ್ಯೂನ್ ಇದ್ದ.”

ಇದಕ್ಕಿಂತ ಅವಳು ಬೈದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದಾಗ ಅವ್ವ ಕಟ್ಟೆಯ ಮೇಲೆ ಎಡತೋಳು ಹಿಡಿದುಕೊಂಡು ಕೂತಿದ್ದಳು. ಪಕ್ಕದಲ್ಲಿ ಅಣ್ಣಾರಾಯರು, ಬೆವತು ಹೋಗಿದ್ದರು. ಅವ್ವ ಏನೂ ಆಗಿಲ್ಲ ಎಂದು ಹೇಳುತ್ತಲೇ ಇದ್ದಳಂತೆ, ಜ್ವರ ತಲೆಗೇರಿದವರು ಹಾಗೇ ಹೇಳುತ್ತಾರೆಂದು ಇವರು ಎರಡು ಸೂಜಿ ಮಾಡಿದ್ದರು. ಜ್ವರ ನೋಡಿ ಮಾಡಬಾರದೇ ಎಂದು ನಾನು ಮೆಲ್ಲಗೆ ಕೇಳಿದೆ. ಥರ್ಮಾಮೀಟರು ನಿಮ್ಮ ಹತ್ತಿರವೇ ಇತ್ತಲ್ಲರಿ ಎಂದು ಅವರು ಹೇಳಿದರು. ಆಮೇಲೆ ಅದರ ಬುಡಕ್ಕೆ ಅಂಟಿದ್ದ ಜೋಳದ ಹಿಟ್ಟನ್ನು ಉಗುರಿನಿಂದ ಕೆರೆದು, ನನ್ನ ಮುಖ ನೋಡಿ, ಡಬ್ಬಿಗೆ ಹಾಕಿಕೊಂಡು ಹೋದರು. ಅವ್ವ ನನ್ನ ಸಂಗಡ ಮಾತು ಬಿಟ್ಟು ಒಂದು ತಿಂಗಳಾದ ಮೇಲೆ ಮಾತಾಡಿದಳು. ಅದೂ ಉಪ್ಪು ಎಲ್ಲಿದೆ ಎಂದು ಕೇಳುವುದಕ್ಕೆ.

ಜಗದೇವಿಗೆ ಆರ್ಡರ್ ಬಂತು. ಸೈಕಲ್ಲು ಸುಡದೇ ಗುಜರಿಗೆ ಹೋಯಿತು. ಅವಳ ಕೆಲಸದ ಮೊದಲ ದಿನ ನಾನು ಶಾಲೆಗೆ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅಂಗನವಾಡಿಯ ಬಾಗಿಲ ಹೊರಗೆ ಹೋಗಿ ನಿಂತೆ. ಹತ್ತರಿಂದ ಹನ್ನೊಂದರವರೆಗೆ ನಿಂತೆ. ಹನ್ನೊಂದಕ್ಕೆ ಅವಳು ಹೊರಗೆ ಬಂದು, “ಮನಿಗಿ ಹೋಗ್ರಿ, ನಿಮ್ಮನ್ನ ನೋಡಿ ಕೂಸುಗಳು ಅಳಾಕತ್ಯಾವು,” ಅಂದಳು.

ಎರಡು ಅಂಕದ ಆ ಪ್ರಶ್ನೆಯನ್ನು ನಾನು ಈಗ ಪತ್ರಿಕೆಯಲ್ಲಿ ಹಾಕುವುದಿಲ್ಲ. ಮಕ್ಕಳಿಗೆ ಅದಕ್ಕೆ ನಾಲ್ಕು ನಿಮಿಷ ಕೊಡುತ್ತಿದ್ದೆ. ನನಗೆ ಆರೂವರೆ ತಾಸು ಹಿಡಿಯಿತು. ಅದೂ ಹೆಂಡತಿಯದನ್ನು ನೋಡಿ ಕಾಪಿ ಹೊಡೆದದ್ದು.